ಆಕಾಶ ವಿಶಾಲ, ಆದರೆ ಇಳಿಯುವ ದಾರಿ ಒಂದೇ

ಒಂಟಾರಿಯೊದಲ್ಲಿ ಕಾರು ಕಲಿಯಲು 16 ವರ್ಷ ತುಂಬಿರಬೇಕು. ಆದರೆ ವಿಮಾನ ಹಾರಿಸಲು ಕಲಿಯುವ ವಿದ್ಯಾರ್ಥಿಗೆ ಕೆನಡಾದಲ್ಲಿ 14ನೇ ವಯಸ್ಸಿಗೇ ಪರವಾನಗಿ ದೊರೆಯುತ್ತದೆ. ಶಿಕ್ಷಕರು ಒಪ್ಪಿದರೆ ಒಬ್ಬಂಟಿಯಾಗಿಯೂ ಹಾರಬಹುದು. ಬೃಹತ್ ಟೊರಾಂಟೊದ ಬ್ರಾಂಪ್ಟನ್, ಆಶಾವಾಗಳ ಹಾರಾಟ ಶಾಲೆಗಳು ಭಾರತೀಯ ಮೂಲದ ಕುಟುಂಬಗಳಿಗೆ ಹೊಸತಲ್ಲ. ಮಕ್ಕಳ ಮೊದಲ ಒಂಟಿ ಹಾರಾಟದ ಚಿತ್ರವನ್ನು ಹೆಮ್ಮೆಯಿಂದ ತೋರಿಸುವ ಹೆತ್ತವರು ಎಂಜಿನ್ ಕೆಟ್ಟರೆ ಏನು ಗತಿ ಎಂದು ಚಿಂತಿಸುವುದುಂಟು. ಇನ್ನೊಂದು ವಿಮಾನ ಅಡ್ಡಬಂದರೆ ಎಂದು ಯೋಚಿಸುವವರು ವಿರಳ.

ಯೋಚಿಸಲು ಕಾರಣವಿದೆ. 2025ರ ಜುಲೈ 8ರಂದು ಮ್ಯಾನಿಟೋಬಾದ ಸ್ಟೈನ್‌ಬ್ಯಾಕ್ ಸಮೀಪ ಎರಡು ಸೆಸ್ನಾ ತರಬೇತಿ ವಿಮಾನಗಳು ಡಿಕ್ಕಿ ಹೊಡೆದು ಇಬ್ಬರು ವಿದ್ಯಾರ್ಥಿಗಳು ಅಸುನೀಗಿದರು. ಅವರಲ್ಲೊಬ್ಬ ಕೇರಳದ ತರುಣ. ಇಬ್ಬರೂ ತಮ್ಮ ತಮ್ಮ ವಿಮಾನದಲ್ಲಿ ಒಬ್ಬರೇ ಇದ್ದು, ಏರುವ-ಇಳಿಯುವ ಅಭ್ಯಾಸದಲ್ಲಿ ತೊಡಗಿದ್ದರು.

ನಮ್ಮ ಮಾರ್ಕಮ್‌ನಲ್ಲಿಯೂ ಇಂಥ ಗಂಡಾಂತರವೊಂದು ಕೂದಲೆಳೆಯಲ್ಲಿ ತಪ್ಪಿತ್ತು. 2021ರ ಆಗಸ್ಟ್ 10ರಂದು ಬಟನ್‌ವಿಲ್ ನಿಲ್ದಾಣದಲ್ಲಿ ಇಳಿಯಲಿದ್ದ ಸೆಸ್ನಾ 172 ವಿಮಾನಕ್ಕೆ ಏನೋ ಬಲವಾಗಿ ಬಡಿಯಿತು. ಒಳಗಿದ್ದ ಶಿಕ್ಷಕ ಹಾಗೂ ವಿದ್ಯಾರ್ಥಿ ಅದನ್ನು ಹಕ್ಕಿಯೆಂದೇ ಭಾವಿಸಿ ಸುರಕ್ಷಿತವಾಗಿ ಇಳಿದರು. ಬಡಿದದ್ದು ಯಾರ್ಕ್ ಪ್ರಾಂತೀಯ ಪೊಲೀಸರ ಡ್ರೋನ್. ಅದು ಸುಮಾರು 400 ಅಡಿ ಎತ್ತರದಲ್ಲಿ ನಿಂತಿತ್ತು. ಡ್ರೋನ್ ಚಾಲಕ ಕೆಲಸದ ಒತ್ತಡದಲ್ಲಿದ್ದ, ಆಕಾಶ ಕಾಯಬೇಕಿದ್ದ ಸಹಾಯಕನಿಗೆ ಆ ಹೊಣೆಯ ಮಹತ್ವ ತಿಳಿದಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ವಿಮಾನದಲ್ಲಿದ್ದ ಇಬ್ಬರಿಗೂ ಡ್ರೋನ್ ಕಾಣಲೇ ಇಲ್ಲ.

ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ, ಕಣ್ಣಿದ್ದೂ ಕಾಣದಿರುವುದು ಹೇಗೆ? ವೈದ್ಯಶಾಸ್ತ್ರ ಇದಕ್ಕೆ ಉತ್ತರ ಕೊಡುತ್ತದೆ. ನಮ್ಮ ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸುಮಾರು ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ. ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಉಳಿದ ಭಾಗ ಚಲನೆಯನ್ನು ಗುರುತಿಸುವುದರಲ್ಲಿ ನಿಪುಣ. ಆದರೆ ಎರಡು ವಿಮಾನಗಳು ಒಂದೇ ಬಿಂದುವಿನತ್ತ ನೇರವಾಗಿ, ಸಮವೇಗದಲ್ಲಿ ಸಾಗುತ್ತಿದ್ದರೆ, ಎದುರಿನದು ಗಾಜಿನ ಮೇಲಿನ ಕದಲದ ಚುಕ್ಕೆಯಂತೆ ನಿಂತೇ ಇರುತ್ತದೆ. ಕೊನೆಯ ಕೆಲವು ಕ್ಷಣಗಳಲ್ಲಿ ಮಾತ್ರ ದಿಢೀರನೆ ಹಿಗ್ಗುತ್ತದೆ. ಕಂಡದ್ದನ್ನು ಗುರುತಿಸಿ, ನಿರ್ಧರಿಸಿ, ವಿಮಾನ ತಿರುಗುವಷ್ಟರಲ್ಲಿ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ ಹೇಳುತ್ತದೆ. ಬರಿದಾದ ನೀಲಿಯನ್ನು ನೋಡುವ ಕಣ್ಣು ದೂರಕ್ಕೆ ಹೊಂದಿಕೊಳ್ಳದೆ ಹತ್ತಿರದಲ್ಲೇ ತಂಗಿಬಿಡುವುದು ಮತ್ತೊಂದು ತೊಡಕು.

ಆದ್ದರಿಂದ ನೋಡುವುದನ್ನೂ ಕಲಿಯಬೇಕು. ಎದೆಯ ಎಕ್ಸ್‌ರೇಯನ್ನು ವೈದ್ಯರು ಮನಬಂದಂತೆ ನೋಡುವುದಿಲ್ಲ. ಶ್ವಾಸಕೋಶ, ಹೃದಯ, ಮೂಳೆ ಎಂದು ಕ್ರಮವಾಗಿ ನೋಡುತ್ತಾರೆ. ಪೈಲಟ್ ಕೂಡ ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಒಂದು ಸೆಕೆಂಡಾದರೂ ದೃಷ್ಟಿ ನಿಲ್ಲಿಸಬೇಕು. ಕಣ್ಣು ಸರಿಯುವಾಗ ಮೆದುಳು ಬಹುಮಟ್ಟಿಗೆ ಕಾಣುವುದೇ ಇಲ್ಲ. ಸೆಸ್ನಾದ ರೆಕ್ಕೆ ಮೇಲಿರುವುದರಿಂದ, ತಿರುಗುವ ಮುನ್ನ ಆ ಬದಿಯ ರೆಕ್ಕೆಯನ್ನು ತುಸು ಎತ್ತಿ ಅದರ ಮರೆಯನ್ನು ಪರೀಕ್ಷಿಸಬೇಕು. ಬ್ರಾಂಪ್ಟನ್-ಕ್ಯಾಲೆಡನ್‌ನಂತಹ ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ ತಾನೆಲ್ಲಿದ್ದೇನೆಂದು ರೇಡಿಯೊದಲ್ಲಿ ಸಾರುವುದು, ಇತರರ ಮಾತು ಆಲಿಸುವುದು, ನಿಗದಿತ ಸುತ್ತುಪಥವನ್ನು ಬಿಡದಿರುವುದು ಅಗತ್ಯ. ಮುಂದಿನ ವಿಮಾನ ಎಲ್ಲಿದೆಯೆಂದು ತಿಳಿಯದಿದ್ದರೆ ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೊಂದು ಸುತ್ತು ಹಾಕುವುದು ಸೋಲಲ್ಲ.

ಸುತ್ತಲಿನ ವಿಮಾನಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣಗಳು ಈಗ ಲಭ್ಯ. ಆದರೆ ಸಂಕೇತ ಕಳಿಸದ ವಿಮಾನವನ್ನು ಅವು ತೋರಿಸಲಾರವು. ಪರದೆಯನ್ನೇ ದಿಟ್ಟಿಸುವ ಕಣ್ಣು ಹೊರಗೆ ನೋಡುವುದೂ ಇಲ್ಲ.

ಮಗಳೋ ಮಗನೋ ಹಾರಾಟ ಮುಗಿಸಿ ಮನೆಗೆ ಬಂದಾಗ, ಹೇಗಿತ್ತು ಎಂದು ಕೇಳುವ ಜೊತೆಗೆ, ಇಂದು ಎಷ್ಟು ವಿಮಾನಗಳು ಕಣ್ಣಿಗೆ ಬಿದ್ದವು ಎಂದೂ ಕೇಳಿರಿ. ದೃಷ್ಟಿ ಹೊರಗಿತ್ತೋ ಉಪಕರಣಗಳ ಮೇಲಿತ್ತೋ ಎಂಬುದನ್ನು ಆ ಉತ್ತರವೇ ಹೇಳುತ್ತದೆ.