ಚಾಸಿಸ್ ಕಂಪನಿಯದು, ಬಾಡಿ ನಮ್ಮದು

ಹೊಸೂರಿನಿಂದ ಕೃಷ್ಣಗಿರಿ ಕಡೆಗೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಬರೀ ಚಾಸಿಸ್‌ಗಳ ಸಾಲು ಹೊಸದಲ್ಲ. ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ, ಹಿಂದೆ ತೊಟ್ಟಿಯಿಲ್ಲ. ಇಂಜಿನ್ನು, ಸ್ಟಿಯರಿಂಗು, ಚಕ್ರಗಳು, ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಳಿಗೆ ಮೈಯೊಡ್ಡಿ ಕೂತ ಡ್ರೈವರು, ಇಷ್ಟೇ. ಅಶೋಕ್ ಲೇಲ್ಯಾಂಡ್ 1980ರಿಂದ ಹೊಸೂರಿನಲ್ಲಿ ವಾಹನ ತಯಾರಿಸುತ್ತಿದೆ. ಆದರೆ ಹೀಗೆ ಹೊರಬೀಳುವ ಚಾಸಿಸ್ ನಾಮಕ್ಕಲ್ಲಿಗೋ ಕರೂರಿಗೋ ಹೋಗಿ ಬಾಡಿ ಕಟ್ಟಿಸಿಕೊಂಡ ಮೇಲೆಯೇ ಲಾರಿ ಅಥವಾ ಬಸ್ಸು ಅನ್ನಿಸಿಕೊಳ್ಳುವುದು. ಬಾಡಿ ಕಟ್ಟುವವನು ಇಂಜಿನ್ ಬಿಚ್ಚಬೇಕಾಗಿಲ್ಲ. ಬೋಲ್ಟು ಎಲ್ಲಿ ಕೂರುತ್ತದೆ, ಎಷ್ಟು ಭಾರ ತಡೆಯುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಕಂಪ್ಯೂಟರ್ ಆಟಗಳಲ್ಲಿ ‘ಮಾಡ್’ ಎಂದು ಕರೆಯುವುದು ಇಂಥ ಬಾಡಿ ಕೆಲಸವನ್ನೇ. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟದಲ್ಲಿ ನಕ್ಷೆ, ಗೋಡೆ, ರಾಕ್ಷಸರು, ಸದ್ದು ಎಲ್ಲವನ್ನೂ ‘ವ್ಯಾಡ್’ ಎಂಬ ಬೇರೆ ಫೈಲಿನಲ್ಲಿ ತುಂಬಿಸಿಟ್ಟು, ಅದನ್ನು ಓದಿ ಪರದೆಯ ಮೇಲೆ ಆಡಿಸುವ ಇಂಜಿನ್ನನ್ನು ಪ್ರತ್ಯೇಕವಾಗಿ ಇಟ್ಟಿದ್ದರು. ಅದನ್ನು ಬರೆದ ಜಾನ್ ಕಾರ್ಮ್ಯಾಕ್ ಬೇಕೆಂದೇ ಮಾಡಿದ ಏರ್ಪಾಟು ಅದು. ಆಟ ಕೊಂಡವರು ಇಂಜಿನ್ ಮುಟ್ಟದೆ ತಮ್ಮದೇ ವ್ಯಾಡ್ ಕಟ್ಟಿ ಹಾಕತೊಡಗಿದರು.

ಮಾಡ್ ಎಂದು ಗೊತ್ತಿಲ್ಲದೆಯೇ ನಮ್ಮ ಹುಡುಗರು ಆಡಿರುವ ಮಾಡ್‌ಗಳೂ ಕಡಿಮೆಯಿಲ್ಲ. ಬ್ರೌಸಿಂಗ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಆಡುತ್ತಿದ್ದ ‘ಕೌಂಟರ್-ಸ್ಟ್ರೈಕ್’ 1999ರಲ್ಲಿ ‘ಹಾಫ್-ಲೈಫ್’ ಆಟದ ಮಾಡ್ ಆಗಿ ಹುಟ್ಟಿದ್ದು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ ಪಬ್‌ಜಿ ಮೊಬೈಲ್‌ನ ಬೇರೂ ಮಾಡ್‌ನಲ್ಲೇ ಇದೆ: ‘ಆರ್ಮಾ 2’ ಆಟಕ್ಕೆ ‘ಡೇಝೀ’ ಎಂಬ ಮಾಡ್ ಬಂತು, ಅದರ ಮೇಲೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಇನ್ನೊಂದು ಮಾಡ್ ಕಟ್ಟಿದರು, ಅದೇ ಬೆಳೆದು 2017ರಲ್ಲಿ ಪಬ್‌ಜಿ ಆಯಿತು. ಇಂಡೋನೇಷ್ಯಾದ ಮೊಬೈಲ್ ಬಸ್ ಆಟಕ್ಕೆ ಐರಾವತದ ಬಣ್ಣ ಬಳಿದು, ತಮಿಳುನಾಡಿನ ಸರ್ಕಾರಿ ಬಸ್ಸಿನ ರೂಪ ಕೊಟ್ಟು ಓಡಿಸುವವರಂತೂ ಗಡಿಯ ಎರಡೂ ಕಡೆ ಇದ್ದಾರೆ.

ಬಸ್ಸಿಗೆ ಬಣ್ಣ ಬಳಿಯುವುದು ಸುಲಭ. ನಿಜವಾದ ಕಷ್ಟ ಶುರುವಾಗುವುದು ಓಪನ್ ವರ್ಲ್ಡ್ ರೋಲ್ ಪ್ಲೇಯಿಂಗ್ ಆಟಗಳಲ್ಲಿ. ಇಡೀ ಒಂದು ನಾಡು, ಅದರ ಊರುಗಳು, ದಿನಚರಿ ಇಟ್ಟುಕೊಂಡ ನೂರಾರು ಜನ, ನಾವು ಒಬ್ಬ ಪಾತ್ರವಾಗಿ ಎಲ್ಲಿ ಬೇಕಾದರೂ ಅಲೆಯುವ ಸ್ವಾತಂತ್ರ್ಯ, ಇದು ಆ ಜಾತಿಯ ಆಟ. 2011ರ ನವೆಂಬರ್ 11ರಂದು ಬಂದ ‘ಸ್ಕೈರಿಮ್’ ಇವುಗಳಲ್ಲಿ ಹೆಸರುವಾಸಿ. ಅದಕ್ಕೆ ಮಾಡ್‌ಗಳು ಸಾವಿರಗಟ್ಟಲೆ ಇವೆ. ಹಳೇ ಲ್ಯಾಪ್‌ಟಾಪಿನಲ್ಲಿ ಈಗಷ್ಟೇ ಆಟ ಇಳಿಸಿಕೊಂಡ ಹುಡುಗ ಮೊದಲು ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ಮೊದಲನೇ ಸಲ ಆಡ್ತಿದೀನಿ, ಯಾವ್ಯಾವ ಮಾಡ್ ಹಾಕ್ಕೊಳ್ಳಲಿ?”

ಹತ್ತು ಹನ್ನೆರಡು ದಾಟಬೇಡ ಎನ್ನುವುದು ನನ್ನ ಉತ್ತರ. ಇದು ಸಂಪ್ರದಾಯಸ್ಥರ ಉಪದೇಶವಲ್ಲ. ಆಟ ತನ್ನ ಲೋಕವನ್ನು ಒಳಗೆ ಹೇಗೆ ಬರೆದಿಟ್ಟುಕೊಳ್ಳುತ್ತದೆ ಎಂದು ನೋಡಿದರೆ ಕಾರಣ ತಾನಾಗಿ ಕಾಣುತ್ತದೆ.

ಸ್ಕೈರಿಮ್‌ನಲ್ಲಿ ಕತ್ತಿ, ಬಾಗಿಲು, ಮೊಲ, ಮಂತ್ರ, ಮನುಷ್ಯ, ಎಲ್ಲವೂ ಒಂದೊಂದು ದಾಖಲೆ. ಪ್ರತಿ ದಾಖಲೆಗೂ ಎಂಟು ಅಂಕಿಯ ಗುರುತಿನ ಸಂಖ್ಯೆ. ಅಂಕಿ ಎಂದರೆ 0ಯಿಂದ 9, ಆಮೇಲೆ ಎ ಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರ, ಒಟ್ಟು ಹದಿನಾರು ಚಿಹ್ನೆ. ಚಿನ್ನದ ನಾಣ್ಯದ ಸಂಖ್ಯೆ ಏಳು ಸೊನ್ನೆ, ಕೊನೆಗೊಂದು ಎಫ್. ಈ ಎಂಟರಲ್ಲಿ ಮೊದಲ ಎರಡು ಅಂಕಿ ದಾಖಲೆ ಯಾವ ಫೈಲಿನದು ಎಂದು ಹೇಳುತ್ತವೆ, ಉಳಿದ ಆರು ಆ ಫೈಲಿನೊಳಗೆ ಅದು ಎಷ್ಟನೆಯದು ಎಂದು. ಆರು ಅಂಕಿಗೆ 1,67,77,216 ಸಾಧ್ಯತೆ. ಕತ್ತಿ ಮೊಲಗಳಿಗೆ ಬೇಕಾದಷ್ಟಾಯಿತು. ಆದರೆ ಮೊದಲ ಎರಡು ಅಂಕಿಗೆ ಬರೀ 256. ಅದರಲ್ಲಿ ಒಂದು, ಆಡುವಾಗ ಹೊಸದಾಗಿ ಹುಟ್ಟುವ ವಸ್ತುಗಳಿಗೆ ಮೀಸಲು. ಮೂಲ ಆಟ ಮತ್ತದರ ವಿಸ್ತರಣೆಗಳೇ ಐದು ಜಾಗ ಹಿಡಿಯುತ್ತವೆ. ಆದ್ದರಿಂದಲೇ ಹಳೆಯ ಆವೃತ್ತಿಯಲ್ಲಿ ಆಟದ್ದೂ ಮಾಡ್‌ಗಳದ್ದೂ ಸೇರಿ ಇಂಥ ‘ಪ್ಲಗಿನ್’ ಫೈಲುಗಳು 255ರ ಮಿತಿಗೆ ಬಂದು ನಿಂತವು. ಕಂಪನಿಯ ಜಿಪುಣತನವಲ್ಲ, ಲೆಕ್ಕದ ಗೋಡೆ. 2016ರ ಸ್ಪೆಷಲ್ ಎಡಿಷನ್‌ನಲ್ಲಿ ಇನ್ನೊಂದು ಸಂಖ್ಯೆಯನ್ನು ತೆಗೆದಿಟ್ಟು, ಅದರ ಕೆಳಗೆ 4,096 ‘ಲೈಟ್’ ಪ್ಲಗಿನ್‌ಗಳನ್ನು ಕೂರಿಸುವ ಉಪಾಯ ಆಮೇಲೆ ಬಂತು. ಗೋಡೆ ಹಿಂದಕ್ಕೆ ಸರಿಯಿತು, ತಂಟೆ ಸರಿಯಲಿಲ್ಲ.

ತಂಟೆ ಏನೆಂದು ಒಂದು ಕತ್ತಿಯಲ್ಲಿ ನೋಡೋಣ. ಆಟದ ಸಾಮಾನ್ಯ ಕಬ್ಬಿಣದ ಕತ್ತಿಗೆ ಹೊಡೆತ 7, ತೂಕ 9, ಬೆಲೆ 25. ನೀವು ಒಂದು ಮಾಡ್ ಹಾಕಿದಿರಿ, ಅದು ಹೊಡೆತವನ್ನು 10 ಮಾಡುತ್ತದೆ. ಇನ್ನೊಂದು ಹಾಕಿದಿರಿ, ಅದಕ್ಕೆ ಹೊಡೆತದ ಗೊಡವೆಯಿಲ್ಲ, ತೂಕವನ್ನು ಮಾತ್ರ 5ಕ್ಕೆ ಇಳಿಸುತ್ತದೆ. ಈಗ ಹೊಡೆತ 10, ತೂಕ 5 ಇರುವ ಕತ್ತಿ ಸಿಗಬೇಕಲ್ಲವೇ? ಸಿಗುವುದಿಲ್ಲ. ಮಾಡ್ ಬದಲಿಸುವುದು ಒಂದು ಸಂಖ್ಯೆಯನ್ನಲ್ಲ, ಇಡೀ ದಾಖಲೆಯನ್ನು. ಎರಡನೆಯ ಮಾಡ್ ಮಾಡಿದವರು ಮೂಲ ದಾಖಲೆಯ ನಕಲು ತೆಗೆದು, ತೂಕ ತಿದ್ದಿ, ಹೊಡೆತವನ್ನು 7 ಎಂದು ಇದ್ದ ಹಾಗೇ ಬಿಟ್ಟಿರುತ್ತಾರೆ. ಇಂಜಿನ್ ಫೈಲುಗಳನ್ನು ಒಂದರ ನಂತರ ಒಂದರಂತೆ ಓದುತ್ತದೆ, ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಹಾಗಾಗಿ ಹೊಡೆತ ಮತ್ತೆ 7. ಎಲ್ಲೂ ದೋಷದ ಸೂಚನೆ ಬರುವುದಿಲ್ಲ, ಆಟ ಕೆಡುವುದೂ ಇಲ್ಲ. ಮೊದಲ ಮಾಡ್ ಸದ್ದಿಲ್ಲದೆ ಅರ್ಧ ಸತ್ತಿರುತ್ತದೆ. ಮೊದಲ ಬಾರಿ ಆಡುವವನಿಗೆ ಮೂಲ ಕತ್ತಿ ಹೇಗಿತ್ತೆಂದೇ ಗೊತ್ತಿರುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ.

ಕತ್ತಿಯಾದರೆ ಹೋಗಲಿ ಅನ್ನಬಹುದು. ಇದೇ ಜಗಳ ಒಂದು ಊರಿನ ನೆಲಕ್ಕೋ, ಕಥೆ ಮುಂದೆ ಸಾಗಿಸುವ ಪಾತ್ರಕ್ಕೋ ತಗುಲಿದರೆ ಮನೆ ಗಾಳಿಯಲ್ಲಿ ತೇಲುತ್ತದೆ, ಮಾತಾಡಬೇಕಾದವನು ಬಾಯಿ ಬಿಡುವುದಿಲ್ಲ. ಹತ್ತು ಮಾಡ್‌ಗಳಿದ್ದರೆ ಪರಸ್ಪರ ಎದುರಾಗಬಹುದಾದ ಜೋಡಿಗಳು 45. ನೂರು ಇದ್ದರೆ 4,950, ಇನ್ನೂರಕ್ಕೆ 19,900. ಹೆಚ್ಚಿನ ಜೋಡಿಗಳು ಒಂದನ್ನೊಂದು ಮುಟ್ಟುವುದಿಲ್ಲ, ನಿಜ. ಆದರೆ ಯಾವುವು ಮುಟ್ಟುತ್ತವೆ ಎಂದು ಕಂಡುಹಿಡಿಯುವ ಕೆಲಸ ಜೋಡಿಗಳ ಲೆಕ್ಕದಲ್ಲೇ ಬೆಳೆಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿಕೊಡುವ ‘ಲೂಟ್’ ಎಂಬ ಉಚಿತ ಸಾಧನವಿದೆ. ಇದು ಅದರ ಮೇಲೆ ನಿಂತಿದೆ, ಅದು ಇದಕ್ಕಿಂತ ಮುಂಚೆ ಬರಬೇಕು ಎಂಬ ನಿಯಮಗಳನ್ನೆಲ್ಲ ಬಾಣದ ಗೆರೆಗಳ ಜಾಲವಾಗಿ ಹಾಕಿಕೊಂಡು, ಯಾವ ಗೆರೆಯೂ ಹಿಂದಕ್ಕೆ ಹೋಗದಂತೆ ಒಂದು ಸಾಲು ಹುಡುಕುವುದು ಅದರ ಕೆಲಸ. ಗಣಿತದಲ್ಲಿ ಇದಕ್ಕೆ ಟೊಪಾಲಜಿಕಲ್ ಸಾರ್ಟಿಂಗ್ ಎನ್ನುತ್ತಾರೆ. ‘ಅ’ ಮೊದಲಿರಬೇಕೆಂದು ‘ಬ’, ‘ಬ’ ಮೊದಲಿರಬೇಕೆಂದು ‘ಅ’ ಹಟ ಹಿಡಿದರೆ ಯಾವ ಸಾಧನವೂ ಕೈಚೆಲ್ಲಬೇಕಾದ್ದೇ. ಮತ್ತೆ ಲೂಟ್ ಕೊಡುವುದು ಕ್ರಮವನ್ನು ಮಾತ್ರ. ಮೇಲಿನ ಕತ್ತಿಯನ್ನು ಅದು ಸರಿಪಡಿಸಲಾರದು. ಎರಡೂ ತಿದ್ದುಪಡಿಗಳನ್ನು ಸೇರಿಸಿ ಮೂರನೆಯ ದಾಖಲೆ ಬರೆದು ಎಲ್ಲಕ್ಕಿಂತ ಕೊನೆಗೆ ಇಡಬೇಕು. ಅದಕ್ಕೂ ಸಾಧನವಿದೆ, ಆದರೆ ಮೊದಲ ಬಾರಿ ಆಡುವವನ ಸಂಜೆಗಳನ್ನು ಅದು ನುಂಗಿ ಹಾಕುತ್ತದೆ.

ಆಟದ ಲೋಕ ಎಷ್ಟು ಸೂಕ್ಷ್ಮ ಎಂಬುದಕ್ಕೆ ಸ್ಕೈರಿಮ್ ಕಟ್ಟಿದವರಲ್ಲೊಬ್ಬರಾದ ನೇಟ್ ಪರ್ಕಿಪೈಲ್ 2021ರಲ್ಲಿ ಹೇಳಿದ ಪ್ರಸಂಗ ಸೊಗಸಾಗಿದೆ. ಆಟ ಶುರುವಾಗುವುದು ಕೈದಿಗಳನ್ನು ಹೊತ್ತ ಕುದುರೆಗಾಡಿಯಿಂದ. ತಯಾರಿಕೆಯ ದಿನಗಳಲ್ಲಿ ಆ ಗಾಡಿ ಒಮ್ಮೊಮ್ಮೆ ರಾಕೆಟ್ಟಿನಂತೆ ಆಕಾಶಕ್ಕೆ ನೆಗೆಯುತ್ತಿತ್ತು. ಕಾರಣ ಹುಡುಕಿದರೆ, ಜೇನುಹುಳು! ಮದ್ದು ಅರೆಯಲು ಹುಳುವನ್ನು ಹಿಡಿಯಲಾಗುತ್ತಿಲ್ಲ ಎಂಬ ಬೇರೊಂದು ದೋಷವನ್ನು ಯಾರೋ ತಿದ್ದಿದ್ದರು. ಆ ತಿದ್ದುಪಡಿಯಿಂದ ಹುಳುವಿಗೆ ಎಲ್ಲದಕ್ಕೂ ಡಿಕ್ಕಿ ಹೊಡೆಯುವ ಗಟ್ಟಿತನ ಬಂದುಬಿಟ್ಟಿತ್ತು. ಗಾಡಿ ತನ್ನ ದಾರಿ ಬಿಡಲೊಲ್ಲದು, ಹುಳು ಅಲುಗಲೊಲ್ಲದು; ಗಾಡಿ ಮೇಲಕ್ಕೆ ಹಾರಿತು. ಮೂಲ ಕೋಡನ್ನೆಲ್ಲ ಕೈಯಲ್ಲಿಟ್ಟುಕೊಂಡವರ ಪಾಡೇ ಇದು. ಅಂದಹಾಗೆ, ಈ ಗಾಡಿ ಇವತ್ತಿಗೂ ಸ್ಥಿರವಲ್ಲ. ಸ್ಕೈರಿಮ್‌ನ ಭೌತಶಾಸ್ತ್ರದ ಲೆಕ್ಕ ಸೆಕೆಂಡಿಗೆ 60 ಚಿತ್ರಗಳನ್ನು ನಂಬಿಕೊಂಡಿದೆ. ಹೊಸ ಲ್ಯಾಪ್‌ಟಾಪುಗಳ 144 ಹರ್ಟ್ಸ್ ಪರದೆಯಲ್ಲಿ ವೇಗಕ್ಕೆ ಕಡಿವಾಣ ಹಾಕದಿದ್ದರೆ ಲೋಟ ಬಟ್ಟಲುಗಳು ತಾವಾಗಿ ಹಾರಾಡುತ್ತವೆ.

ಇಷ್ಟಾದ ಮೇಲೆ ಆಯ್ಕೆಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಹೀಗಿದೆ: ಆಟ ಎಲ್ಲಿಗೆ ಬಂದು ನಿಂತಿದೆ ಎಂದು ಬರೆದಿಡುವ ಸೇವ್ ಫೈಲಿನಲ್ಲಿ ಈ ಮಾಡ್‌ನ ನೆನಪು ಉಳಿಯುತ್ತದೆಯೇ? ಗೋಡೆಯ ಬಣ್ಣ, ಬೆಟ್ಟದ ಚಿತ್ರ, ಅಕ್ಷರದ ಗಾತ್ರ, ಇವನ್ನು ಸೇವ್ ಫೈಲು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇವತ್ತು ಹಾಕಿ ನಾಳೆ ತೆಗೆದರೂ ಆಟ ನಡೆಯುತ್ತದೆ. ಆದರೆ ಹಸಿವು ಬಾಯಾರಿಕೆ ಲೆಕ್ಕ ಹಾಕುವ, ಹೊಸ ಸಂಗಾತಿಯನ್ನು ತರುವ, ಹೊಸ ಕಥೆ ಸೇರಿಸುವ ಮಾಡ್‌ಗಳು ‘ಸ್ಕ್ರಿಪ್ಟು’ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಓಡಿಸುತ್ತಿರುತ್ತವೆ. ಸೇವ್ ಮಾಡಿದ ಕ್ಷಣದಲ್ಲಿ ಆ ಸ್ಕ್ರಿಪ್ಟು ಎಲ್ಲಿಗೆ ಬಂದಿತ್ತು, ಯಾವುದಕ್ಕಾಗಿ ಕಾಯುತ್ತಿತ್ತು ಎಂಬುದೂ ಫೈಲಿಗೆ ಸೇರುತ್ತದೆ. ಮಾಡ್ ಕಿತ್ತರೆ ಆ ಬರಹ ಅನಾಥವಾಗಿ ಉಳಿಯುತ್ತದೆ. ನಲವತ್ತು ಗಂಟೆ ಆಡಿದ ಮೇಲೆ ಆಟ ಕುಸಿಯಬಹುದು. ಮೊದಲ ಗುಂಪಿನವನ್ನು ಯಾವಾಗ ಬೇಕಾದರೂ ಹಾಕಿ. ಎರಡನೆಯ ಗುಂಪಿನವು ಮೊದಲ ಆಟಕ್ಕೆ ಬೇಡವೇ ಬೇಡ. ಬೇಕೇ ಬೇಕೆಂದರೆ ಆಟ ಶುರುವಾಗುವ ಮುಂಚೆ ಹಾಕಿ, ಮುಗಿಯುವವರೆಗೆ ಮುಟ್ಟಬಾರದು.

ಚಿತ್ರ ಚೆಂದ ಮಾಡುವ ಮಾಡ್‌ಗಳಿಗೂ ಮಿತಿ ಇದೆ, ಅದು ಗ್ರಾಫಿಕ್ಸ್ ಮೆಮೊರಿಯದು. ವಸ್ತುವಿನ ಮೈಗೆ ಹೊದಿಸುವ, ‘4ಕೆ’ ಎನ್ನುವ ಒಂದು ಚಿತ್ರಪಟದ ಅಳತೆ 4,096 ಅಡ್ಡ, 4,096 ಉದ್ದ. ಗುಣಿಸಿದರೆ ಮೇಲೆ ಕಂಡ ಅದೇ 1,67,77,216 ಚುಕ್ಕಿಗಳು. ಸಾಮಾನ್ಯ ಸಂಕೋಚನದಲ್ಲಿ ಚುಕ್ಕಿಗೊಂದು ಬೈಟ್ ಹಿಡಿದರೆ 16 ಎಂಬಿ. ದೂರದಿಂದ ನೋಡುವಾಗ ಬಳಸಲೆಂದು ಅದರ ಅರ್ಧ, ಕಾಲು ಅಳತೆಯ ಪ್ರತಿಗಳೂ ಜೊತೆಗಿರುತ್ತವೆ. ಅವೆಲ್ಲ ಸೇರಿ 21 ಎಂಬಿ ದಾಟುತ್ತದೆ. 4 ಜಿಬಿ ಮೆಮೊರಿಗೆ ಇಂಥವು ಇನ್ನೂರು ಹಿಡಿಯುವುದಿಲ್ಲ, ಬೇರೆ ಖರ್ಚುಗಳನ್ನು ಬಿಟ್ಟು. ಇನ್ನೊಂದು ಕಡೆಯಿಂದಲೂ ನೋಡಿ: ನಿಮ್ಮ ಲ್ಯಾಪ್‌ಟಾಪಿನ ಪರದೆಯಲ್ಲಿರುವುದೇ ಸುಮಾರು 20.7 ಲಕ್ಷ ಚುಕ್ಕಿ. ಮೂಲೆಯಲ್ಲಿ ಬಿದ್ದ ಒಂದು ಪೀಪಾಯಿಗೆ ಪರದೆಗಿಂತ ಎಂಟು ಪಟ್ಟು ವಿವರ ತುಂಬಿದರೆ ಅದನ್ನು ನೋಡುವವರಾರು? ಗ್ರಾಫಿಕ್ಸ್ ಕಾರ್ಡು ತಾನೇ ಚಿಕ್ಕ ಪ್ರತಿಯನ್ನು ಎತ್ತಿಕೊಳ್ಳುತ್ತದೆ. ಬೆಟ್ಟ, ನೆಲ, ಮುಖ ಇವಕ್ಕೆ 2ಕೆ ಸಾಕು. ಪೀಪಾಯಿಯನ್ನು ಅದರ ಪಾಡಿಗೆ ಬಿಡಿ.

ಹಾಗಾದರೆ ಹಾಕುವುದೇನು? ಆಟಗಾರರೇ ಕೂಡಿ ಸಾವಿರಾರು ತಪ್ಪು ತಿದ್ದಿರುವ ‘ಅನ್‌ಅಫೀಷಿಯಲ್ ಪ್ಯಾಚ್’ ಒಂದು. ಕೀಬೋರ್ಡು ಮೌಸಿನಲ್ಲಿ ಆಡುವವರಿಗೆ ಚೀಲದ ಸಾಮಾನು ಪಟ್ಟಿಯನ್ನು ಓದುವಂತೆ ಮಾಡುವ ‘ಸ್ಕೈಯುಐ’ ಇನ್ನೊಂದು. ಅದು ನಡೆಯಲು ಬೇಕಾದ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಇಂಜಿನ್ನಿನ ಒಳದೋಷಗಳಿಗೆ ‘ಇಂಜಿನ್ ಫಿಕ್ಸಸ್’, ಒಂದೆರಡು ಚಿತ್ರಪಟದ ಕಟ್ಟು. ಮ್ಯಾಪು, ಅಕ್ಷರ, ಸದ್ದು ಇವುಗಳಲ್ಲಿ ರುಚಿಗೆ ತಕ್ಕ ಹಾಗೆ ಮೂರು ನಾಲ್ಕು. ಇವನ್ನೆಲ್ಲ ಆಟದ ಫೋಲ್ಡರಿಗೆ ನೇರವಾಗಿ ಸುರಿಯದೆ ‘ಮಾಡ್ ಆರ್ಗನೈಸರ್ 2’ರ ಮೂಲಕ ಹಾಕಿ. ಅದು ಪ್ರತಿ ಮಾಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಎಲ್ಲ ಒಂದೇ ಕಡೆ ಇವೆ ಎಂದು ಆಟವನ್ನು ನಂಬಿಸುತ್ತದೆ. ತೆಗೆಯುವುದೆಂದರೆ ಒಂದು ಟಿಕ್ ಅಳಿಸುವುದು, ಅಷ್ಟೇ.

ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಬಗ್ಗೆ ಒಂದು ಎಚ್ಚರಿಕೆ. ಬೇರೆ ಮಾಡ್‌ಗಳು ಬಾಡಿ ಕೆಲಸವಾದರೆ ಇದು ಇಂಜಿನ್ನಿಗೇ ಕೈಹಾಕುತ್ತದೆ. ಪ್ರೋಗ್ರಾಂ ಮೆಮೊರಿಯಲ್ಲಿ ಯಾವ ಕೆಲಸ ಎಷ್ಟನೆಯ ವಿಳಾಸದಲ್ಲಿದೆ ಎಂದು ತಿಳಿದು ಅಲ್ಲಿಗೆ ಕೊಂಡಿ ಸಿಕ್ಕಿಸುತ್ತದೆ. ಕಂಪನಿ ಆಟವನ್ನು ಅಪ್‌ಡೇಟ್ ಮಾಡಿದರೆ ವಿಳಾಸಗಳು ಜರುಗುತ್ತವೆ, ಕೊಂಡಿ ಕಳಚುತ್ತದೆ. 2021ರ ನವೆಂಬರ್ 11ರ ಅಪ್‌ಡೇಟ್‌ನಲ್ಲಿ ಸ್ಕೈರಿಮ್‌ಗೆ ಆದದ್ದು ಇದೇ. 2024ರ ಏಪ್ರಿಲ್‌ನಲ್ಲಿ ‘ಫಾಲ್‌ಔಟ್ 4’ ಎಂಬ ಇನ್ನೊಂದು ಆಟಕ್ಕೆ ಬಂದ ಅಪ್‌ಡೇಟ್‌ನಿಂದಾಗಿ, ಲಂಡನ್ ನಗರವನ್ನೇ ಕಟ್ಟಿದ ‘ಫಾಲ್‌ಔಟ್ ಲಂಡನ್’ ಮಾಡ್ ಬಿಡುಗಡೆಯನ್ನೇ ಜುಲೈಗೆ ಮುಂದೂಡಬೇಕಾಯಿತು. ಆಟ ಮಾರುವ ‘ಸ್ಟೀಮ್’ ಅಂಗಡಿಯಲ್ಲಿ ತಂತಾನೇ ಅಪ್‌ಡೇಟ್ ಆಗುವುದನ್ನು ಆಟ ತೆರೆಯುವವರೆಗೆ ತಡೆದಿಟ್ಟು, ಆಟವನ್ನು ಸ್ಟೀಮ್ ಬಟನ್ನಿನಿಂದ ತೆರೆಯದೆ ಎಕ್ಸ್‌ಟೆಂಡರ್ ಮೂಲಕವೇ ತೆರೆಯಿರಿ.

ದೊಡ್ಡ ಮಾಡ್‌ಗಳನ್ನು ಎರಡನೆಯ ಸುತ್ತಿಗೆ ಉಳಿಸಿಕೊಳ್ಳಿ ಎನ್ನುವುದು ಅವು ಕಳಪೆಯೆಂದಲ್ಲ. ಜರ್ಮನಿಯ ಹವ್ಯಾಸಿಗಳ ತಂಡ 2016ರಲ್ಲಿ ತಂದ ‘ಎಂಡೆರಾಲ್’ ಸ್ಕೈರಿಮ್ ಇಂಜಿನ್ನಿನ ಮೇಲೆ ಪೂರಾ ಬೇರೆಯೇ ನಾಡು. ಆಸ್ಟ್ರೇಲಿಯಾದ ನಿಕ್ ಪಿಯರ್ಸ್ 2015ರಲ್ಲಿ ಹೊರತಂದ ‘ದಿ ಫರ್‌ಗಾಟನ್ ಸಿಟಿ’ ಮಾಡ್‌ಗೆ ಮರುವರ್ಷ ಅಲ್ಲಿನ ಲೇಖಕರ ಸಂಘದ ಪ್ರಶಸ್ತಿಯೇ ಬಂತು. ಅದು 2021ರಲ್ಲಿ ಸ್ವತಂತ್ರ ಆಟವಾಗಿಯೂ ಬಂದಿದೆ; ಅದಕ್ಕೆ ಸ್ಕೈರಿಮ್ ಬೇಕಿಲ್ಲ, ಯಾವ ಮಾಡ್ ಜೊತೆಗೂ ಜಗಳವಿಲ್ಲ.