ಶೇಕಡ ಎರಡರ ಕಟ್ಟೆ, ಶೇಕಡ ಮೂವತ್ತರ ಅಂಗಡಿ

ಒಂದೇ ಬಾಗಿಲು ಎಂದರೇನೆಂದು ಕಂಪಲಾಪುರದ ಹರಾಜು ಮಾರುಕಟ್ಟೆಗೆ ತಂಬಾಕಿನ ಬೇಲು ತರುವ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲೇ ಮಾರಬೇಕು. ಆದರೆ ಆ ಬಾಗಿಲಿಗೂ ಒಂದು ಕಡಿವಾಣವಿದೆ. 1975ರ ತಂಬಾಕು ಮಂಡಳಿ ಕಾಯ್ದೆಯಂತೆ ಮಂಡಳಿಯ ಶುಲ್ಕ ಮಾಲಿನ ಬೆಲೆಯ ಶೇ 2 ಮೀರುವಂತಿಲ್ಲ. ಅದೇ ರೈತನ ಜೇಬಿನ ಫೋನಿನಲ್ಲಿರುವ ಗೂಗಲ್‌ನ ಪ್ಲೇ ಸ್ಟೋರ್, ಆ್ಯಪ್‌ಗಳೊಳಗೆ ಮಾರುವ ಡಿಜಿಟಲ್ ಸರಕಿನ ಮೇಲೆ ವರ್ಷಗಟ್ಟಲೆ ಶೇ 15ರಿಂದ 30 ಕತ್ತರಿಸಿದೆ. ಆ ದರ ಯಾವ ಸಂಸತ್ತೂ ಗೊತ್ತು ಮಾಡಿದ್ದಲ್ಲ, ಅಂಗಡಿಯವರೇ ಬರೆದುಕೊಂಡದ್ದು.

ಈ ಅಂಗಡಿ ದಾಟಿ, ಎಲ್ಲಿಂದಲಾದರೂ ಆ್ಯಪ್ ತಂದು ಹಾಕಿಕೊಳ್ಳುವ ಹಕ್ಕು ಫೋನ್ ಕೊಂಡವನಿಗೆ ಇರಬೇಕೇ?

ಬೇಡ ಎನ್ನುವವರ ಲೆಕ್ಕ ಸಣ್ಣದಲ್ಲ. ಗೂಗಲ್ ಹೇಳುವಂತೆ ಪ್ಲೇ ಸ್ಟೋರಿನ ಹೊರಗೆ 2024ರಲ್ಲಿ ಸಿಕ್ಕ ಹೊಸ ಕೇಡಿನ ಆ್ಯಪ್‌ಗಳು 1.3 ಕೋಟಿಗೂ ಹೆಚ್ಚು. ಹಗಲು ರಾತ್ರಿ ಎನ್ನದೆ ನಿಮಿಷಕ್ಕೆ ಸುಮಾರು 25! ಪಿಎಂ ಕಿಸಾನ್ ಹೆಸರಿನ ನಕಲಿ ಕಡತ ವಾಟ್ಸ್ಆ್ಯಪ್ ಗುಂಪಿಗೆ ಬಿತ್ತೆಂದರೆ ಗಾಳ ಎಷ್ಟು ದೊಡ್ಡದು ನೋಡಿ: 2025ರ ಫೆಬ್ರುವರಿಯ ಕಂತು ಪಡೆದವರೇ 9.8 ಕೋಟಿ ರೈತರು. ಸಿಗುವುದು 2,000 ರೂಪಾಯಿ, ಹೋಗುವುದು ಖಾತೆಯಲ್ಲಿರುವಷ್ಟೂ.

ಹಾಗಾದರೆ ಅಂಗಡಿಯೊಳಗೆ ಎಲ್ಲ ಶುದ್ಧವೋ? 2021ರ ಏಪ್ರಿಲ್‌ನಿಂದ 2023ರ ಆಗಸ್ಟ್‌ವರೆಗೆ ಪ್ಲೇ ಸ್ಟೋರಿನಿಂದ ಕಿತ್ತುಹಾಕಿದ ಇಲ್ಲವೇ ಅಮಾನತುಗೊಳಿಸಿದ ಸಾಲದ ಆ್ಯಪ್‌ಗಳೇ ಸುಮಾರು 4,700 ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಅವೆಲ್ಲ ಅಂಗಡಿಯ ಕಾವಲುಗಾರ ಗೂಗಲ್‌ನ ಕಣ್ಣೆದುರೇ ಒಳಗೆ ಬಂದವು. ಹೊರಗಿನ ಅಪಾಯ 50 ಪಟ್ಟು ಹೆಚ್ಚು ಎಂದು ಎಣಿಸಿ ಹೇಳುವವನೂ ಇದೇ ಕಾವಲುಗಾರ. ಲೆಕ್ಕ ಸುಳ್ಳೆನ್ನುತ್ತಿಲ್ಲ, ಲೆಕ್ಕ ಇಟ್ಟವರು ಯಾರೆಂಬುದು ನೆನಪಿರಲಿ.

2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನಿಂದ ಆ್ಯಪ್ ಹಂಚುವುದಕ್ಕೆ ಅಡ್ಡಿ ಮಾಡಕೂಡದು ಎಂದೂ ಹೇಳಿತು. ಕೇಳಲು ಭಾರೀ ಮೊತ್ತ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ ಆ ವರ್ಷ ಗಳಿಸಿದ ಆದಾಯ 28,200 ಕೋಟಿ ಡಾಲರ್‌ಗೂ ಮೇಲೆ. ಭಾಗಿಸಿದರೆ ನಮ್ಮ ದಂಡ ಅವರ ಐದು ಗಂಟೆಯ ವಹಿವಾಟು. ಬೆಳಗಿನ ಉಪ್ಪಿಟ್ಟಿಗೂ ಮಧ್ಯಾಹ್ನದ ಮುದ್ದೆಗೂ ನಡುವಿನ ಹೊತ್ತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ಹೊರಗಿನ ಆ್ಯಪ್ ಕುರಿತ ಆದೇಶವನ್ನು ತೆಗೆದುಹಾಕಿತು. ಉಳಿಯಬೇಕಿದ್ದದ್ದು ಹೋಯಿತು ಎಂಬುದೇ ನನ್ನ ತಕರಾರು.

2025ರ ಆಗಸ್ಟ್‌ನಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಇಟ್ಟಿತು: ಆ್ಯಪ್ ಮಾಡುವವರು ಹೊರಗೆ ಹಂಚುವುದಿದ್ದರೂ ತನ್ನ ಬಳಿ ಗುರುತು ದಾಖಲಿಸಬೇಕು; 2026ರ ಸೆಪ್ಟೆಂಬರ್‌ಗೆ ನಾಲ್ಕು ದೇಶ, 2027ರಿಂದ ಉಳಿದ ಲೋಕ. ಗದ್ದಲವೆದ್ದ ಮೇಲೆ ನವೆಂಬರ್‌ನಲ್ಲಿ, ಅಪಾಯ ಅರಿತವರಿಗೆ ಬೇರೆ ದಾರಿ ಬಿಡುತ್ತೇವೆ ಎಂದಿತು. ಐಫೋನಿನವರದು ಮೊದಲಿನಿಂದಲೂ ಬಿಗಿ. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನಿಗೆ ಮಣಿದು 2024ರ ಮಾರ್ಚ್‌ನಲ್ಲಿ ಬೇರೆ ಅಂಗಡಿಗಳಿಗೆ ಜಾಗ ಬಿಟ್ಟರು.

ಎಚ್ಚರಿಕೆಯ ಫಲಕ ಎಷ್ಟು ದೊಡ್ಡದಾದರೂ ಇರಲಿ, ಬೀಗದ ಕೈ ಮಾತ್ರ ಫೋನ್ ಕೊಂಡವನ ಹತ್ತಿರವೇ ಇರಬೇಕು. ಆ ಕೈ ನಿಮ್ಮಲ್ಲಿರುವಷ್ಟು ದಿನ ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಅಳವಡಿಸುವ) ಕಡತವನ್ನು, ಅದು ಮದುವೆ ಕರೆಯೋಲೆ ಎಂದರೂ, ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.