ಫ್ರೆಂಚ್ ಪ್ರಾರಂಭಿಕ ಕಲಿಕೆ: ಪದ ಹಾಗೂ ಕ್ರಿಯಾಪದಗಳ ಕಂಠಪಾಠ

ಮಳಖೇಡ, ಸೇಡಂ ಭಾಗದಿಂದ ಡೆಲ್ಫ್ ಎ1 ಪರೀಕ್ಷೆಗೆ ಸಿದ್ಧರಾಗುವ ಅಭ್ಯರ್ಥಿಗಳು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಪದಗಳು: ಫ್ರೆಂಚ್‌ನಲ್ಲಿ ನಪುಂಸಕಲಿಂಗವಿರುವುದಿಲ್ಲ. ಈ ಭಾಗದಲ್ಲಿ ಬಳಕೆಯಲ್ಲಿರುವ ಉರ್ದುವಿನಲ್ಲಿಯೂ ವಸ್ತುಗಳಿಗೆ ಲಿಂಗವುಂಟು; ಆದರೆ ಅದನ್ನೇ ಅನ್ವಯಿಸತಕ್ಕದ್ದಲ್ಲ. ಉರ್ದುವಿನ 'ಕಿತಾಬ್' ಸ್ತ್ರೀಲಿಂಗ, ಫ್ರೆಂಚ್‌ನ 'ಲೀವ್ರ್' ಪುಲ್ಲಿಂಗ. ಆದುದರಿಂದ 'ಲ ಲೀವ್ರ್' (ಪುಸ್ತಕ), 'ಲಾ ಮೇಜೋಂ' (ಮನೆ) ಎಂದು ಉಪಪದ ಸಹಿತವಾಗಿಯೇ ಕಲಿಯುವುದು.

2. ಕ್ರಿಯಾಪದಗಳು: ಕನ್ನಡದಲ್ಲಿ 'ಮಾತನಾಡುತ್ತೇನೆ' ಎಂದರೆ ಕರ್ತೃ ತಿಳಿಯುತ್ತದೆ. ಫ್ರೆಂಚ್‌ನಲ್ಲಿ ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೂ 'ಪಾರ್ಲ್' ಎಂಬ ಒಂದೇ ಉಚ್ಚಾರಣೆ. ಕಾಗುಣಿತ ಮಾತ್ರ ಮೂರು ಬಗೆ. ಆದಕಾರಣ ಸರ್ವನಾಮದೊಡನೆ ಉಚ್ಚರಿಸಿ, ಬರೆದು ಅಭ್ಯಸಿಸತಕ್ಕದ್ದು.

3. ಅಂಕಗಳು: ಒಟ್ಟು 100ರಲ್ಲಿ ಬರವಣಿಗೆಗೆ 25. ಅದರಲ್ಲಿ ಕನಿಷ್ಠ 5 ಅಂಕ ಗಳಿಸದಿದ್ದಲ್ಲಿ, ಒಟ್ಟು 50 ದಾಟಿದರೂ ಉತ್ತೀರ್ಣರಾಗುವುದಿಲ್ಲ.